ಸಾಯುತ್ತಿರುವ ಕೋಶದಲ್ಲಿ ಮೈಟೊಕಾಂಡ್ರಿಯ: ನ್ಯಾನೊ ಸೆನ್ಸರ್ ಬಳಸುವ ಬಗೆ

ಐದು ನಿಮಿಷ. ಹೀಲಾ ಕೋಶವೊಂದರಲ್ಲಿ (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶ), ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದ ಹೊರಪೊರೆ ತೂತಾಗಲು ಶುರುವಾದ ಮೇಲೆ ಒಳಗಿನ ಸೈಟೊಕ್ರೋಮ್ ಸಿ ಅನ್ನುವ ಪ್ರೋಟೀನ್ ಖಾಲಿಯಾಗಲು ಹೆಚ್ಚೂಕಡಿಮೆ ಅಷ್ಟೇ ಸಾಕು. ಸೈಟೊಕ್ರೋಮ್ ಸಿಗೆ ಹಸಿರು ಹೊಳೆಯುವ ಪ್ರೋಟೀನ್ ಅಂಟಿಸಿ ನೋಡಿದಾಗ, 2000ನೇ ಇಸವಿಯಲ್ಲಿ ಗೊತ್ತಾದ ಸಂಗತಿ ಇದು. ಆದರೆ ಆ ಐದು ನಿಮಿಷ ಯಾವಾಗ ಶುರುವಾಗುತ್ತದೆ ಅನ್ನುವುದು ಒಂದೊಂದು ಕೋಶಕ್ಕೆ ಒಂದೊಂದು ಥರ. ಒಂದೇ ಡಿಶ್‌ನಲ್ಲಿ, ಒಂದೇ ಔಷಧಿಯಲ್ಲಿ ನೆನೆದ ಅಕ್ಕಪಕ್ಕದ ಎರಡು ಕೋಶಗಳ ನಡುವೆ ಗಂಟೆಗಟ್ಟಲೆ ಅಂತರ ಇರಬಹುದು. ಡಿಶ್ ಪೂರ್ತಿ ಅರೆದು ಸರಾಸರಿ ತೆಗೆದರೆ ನಿಧಾನವಾಗಿ ಇಳಿಯುವ ಒಂದು ಗೆರೆ ಸಿಗುತ್ತದೆ. ಆ ಗೆರೆ ಯಾವ ಕೋಶದ ಕಥೆಯೂ ಅಲ್ಲ.

ಹಾಗಾಗಿ ಒಂದೊಂದೇ ಕೋಶವನ್ನು, ಅದು ಬದುಕಿರುವಾಗಲೇ, ಗಂಟೆಗಟ್ಟಲೆ ಕಾದು ನೋಡಬೇಕು. ಮಾಮೂಲಿ ಡೈಗಳಲ್ಲಿ ಅನೇಕವು ಅಷ್ಟು ಹೊತ್ತು ಲೇಸರ್ ತಡೆಯುವುದಿಲ್ಲ, ಮಸುಕಾಗುತ್ತವೆ. ನ್ಯಾನೊ ಸೆನ್ಸರ್, ಅಂದರೆ ಕೋಶದೊಳಗಿನ ಸ್ಥಿತಿಯನ್ನು ಬೆಳಕಿನ ಮೂಲಕ ತಿಳಿಸುವ ಅತಿಸಣ್ಣ ಕಣ, ಉಪಯೋಗಕ್ಕೆ ಬರುವುದು ಇಲ್ಲಿ. ಆದರೆ ಒಂದು ತೊಡಕಿದೆ, ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಸೆನ್ಸರನ್ನು ಮೈಟೊಕಾಂಡ್ರಿಯದ ಕಡೆಗೆ ಎಳೆಯುವುದು ಅದರ ಒಳಪೊರೆಯ ವೋಲ್ಟೇಜ್. ಕೋಶ ಸಾಯುವಾಗ ಬೀಳುವುದೂ ಅದೇ ವೋಲ್ಟೇಜ್. ಸರಿಯಾಗಿ ಬೇಕಾದ ಹೊತ್ತಿಗೇ ಸೆನ್ಸರ್ ಕೈಕೊಡಬಹುದು. ಬೆಳಕು ಕಮ್ಮಿಯಾಯಿತು ಅಂದರೆ ಮೈಟೊಕಾಂಡ್ರಿಯ ಬದಲಾಯಿತೋ, ಸೆನ್ಸರ್ ಜಾಗ ಬಿಟ್ಟಿತೋ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯನ್ನು ಬಿಡಿಸುವುದಕ್ಕೇ ಇರುವುದು.

ಹಂತ 1: ಏನು ಅಳೆಯಬೇಕು ಅಂತ ಒಂದೇ ಸಾಲಿನಲ್ಲಿ ಬರೆಯಿರಿ

"ಮೈಟೊಕಾಂಡ್ರಿಯಕ್ಕೆ ಏನಾಗುತ್ತೆ ನೋಡೋಣ" ಅನ್ನುವುದು ಪ್ರಶ್ನೆ ಅಲ್ಲ. ಕೋಶ ತನ್ನನ್ನು ತಾನೇ ಕ್ರಮವಾಗಿ ಕೊಂದುಕೊಳ್ಳುವುದಕ್ಕೆ ಅಪೊಪ್ಟೋಸಿಸ್ ಅನ್ನುವ ಹೆಸರು ಬಂದಿದ್ದು 1972ರಲ್ಲಿ. ಅದರಲ್ಲಿ ಮೈಟೊಕಾಂಡ್ರಿಯದ ಪಾಲು ಬಿಡಿಬಿಡಿಯಾಗಿ ಗೊತ್ತಾಗಿದ್ದು 1990ರ ದಶಕದಲ್ಲಿ. ಒಳಗಿನಿಂದ ಶುರುವಾಗುವ ದಾರಿಯನ್ನು ಚಿಕ್ಕದಾಗಿ ಹೇಳಿದರೆ ಹೀಗೆ. ಬ್ಯಾಕ್ಸ್, ಬ್ಯಾಕ್ ಅನ್ನುವ ಪ್ರೋಟೀನ್‌ಗಳು ಹೊರಪೊರೆಯಲ್ಲಿ ತೂತು ಮಾಡುತ್ತವೆ. ಸೈಟೊಕ್ರೋಮ್ ಸಿ ಕೋಶರಸಕ್ಕೆ ಬರುತ್ತದೆ. ಅಲ್ಲಿ ಅಪಾಫ್-1 ಅನ್ನುವ ಪ್ರೋಟೀನ್ ಜೊತೆ ಕೂಡಿ, ಪ್ರೋಟೀನ್ ಕತ್ತರಿಸುವ ಕಿಣ್ವವಾದ ಕ್ಯಾಸ್ಪೇಸ್-9ನ್ನು ಎಬ್ಬಿಸುತ್ತದೆ, ಅದು ಕ್ಯಾಸ್ಪೇಸ್-3ನ್ನು ಎಬ್ಬಿಸುತ್ತದೆ. ಆಮೇಲೆ ಕ್ಯಾಸ್ಪೇಸ್ ಮೈಟೊಕಾಂಡ್ರಿಯಕ್ಕೇ ವಾಪಸ್ ಬಂದು, ಉಸಿರಾಟದ ಕಾಂಪ್ಲೆಕ್ಸ್ 1ರ ಒಂದು ತುಂಡನ್ನು ಕತ್ತರಿಸುತ್ತದೆ. ವೋಲ್ಟೇಜ್ ಬೀಳುವುದಕ್ಕೆ ಇದೂ ಒಂದು ಕಾರಣ.

ಇದರಲ್ಲಿ ನಿಮಗೆ ಬೇಕಾಗಿದ್ದು ಯಾವ ಘಟ್ಟ? ವೋಲ್ಟೇಜಾ, ಪಿಎಚ್ಚಾ, ಹೈಡ್ರೊಜನ್ ಪೆರಾಕ್ಸೈಡಾ, ಹೊರಬಂದ ಸೈಟೊಕ್ರೋಮ್ ಸಿಯಾ? ಇದು ಗೊತ್ತಾಗದೆ ಸೆನ್ಸರ್ ಎಲ್ಲಿ ಕೂರಬೇಕು ಅಂತ ಗೊತ್ತಾಗುವುದಿಲ್ಲ. ಸೈಟೊಕ್ರೋಮ್ ಸಿ ಹೊರಬಂದಿದ್ದನ್ನು ಹಿಡಿಯಬೇಕಾದ ಸೆನ್ಸರ್ ಮೈಟೊಕಾಂಡ್ರಿಯದ ಒಳಗಿದ್ದರೆ ಕೆಲಸಕ್ಕೆ ಬಾರದು. ಅದು ಹೊರಗೆ ಕೋಶರಸದಲ್ಲಿ ಇರಬೇಕು.

ಹಂತ 2: ನ್ಯಾನೊ ನಿಜವಾಗಿ ಬೇಕಾ?

ವೋಲ್ಟೇಜ್ ಇದೆಯೋ ಬಿತ್ತೋ ಅಂತಷ್ಟೇ ಬೇಕಿದ್ದರೆ ಸುಮ್ನೆ ಟಿಎಂಆರ್‌ಎಂ ಡೈ ಹಾಕಿ. 20 ನ್ಯಾನೊಮೋಲಾರ್ ಆಸುಪಾಸಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಅದರ ಓರೆಕೋರೆಗಳೂ ಎಲ್ಲರಿಗೂ ಗೊತ್ತು. ನ್ಯಾನೊಕಣ ಬೇಕಾಗುವುದು ಮೂರು ಸಂದರ್ಭದಲ್ಲಿ: ಬಹಳ ಹೊತ್ತು ಮಸುಕಾಗದ ಬೆಳಕು ಬೇಕಾದಾಗ, ಒಂದೇ ಮೈಮೇಲೆ ಎರಡು ಬಣ್ಣ ಹೊತ್ತು ಅನುಪಾತ ತೆಗೆಯಬೇಕಾದಾಗ, ಇಲ್ಲವೇ ಡೈಗೆ ಆಗದ ಕೆಲಸ ಇದ್ದಾಗ, ಉದಾಹರಣೆಗೆ ಒಂದು ಪ್ರೋಟೀನನ್ನು ಗುರುತು ಹಿಡಿಯುವ ಡಿಎನ್‌ಎ ಎಳೆಯನ್ನು ಹೊತ್ತೊಯ್ಯಬೇಕಾದಾಗ.

ಕ್ವಾಂಟಮ್ ಡಾಟ್, ಅಂದರೆ ಹೊಳೆಯುವ ಅರೆವಾಹಕದ ನ್ಯಾನೊ ಹರಳು, ಬಹಳ ಪ್ರಖರ. ಅದನ್ನು ಕಂಡುಹಿಡಿದು ಬೆಳೆಸಿದವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಕೂಡ ಬಂತು. ಆದರೆ ಹೆಚ್ಚಿನವುಗಳ ತಿರುಳಲ್ಲಿ ಕ್ಯಾಡ್ಮಿಯಂ ಇದೆ, ಅದು ಸೋರಿದರೆ ಮೈಟೊಕಾಂಡ್ರಿಯಕ್ಕೆ ವಿಷ. ಸಾವನ್ನೇ ಅಳೆಯುವ ಪ್ರಯೋಗದಲ್ಲಿ ಸಾವು ತರಬಲ್ಲ ಅಳತೆಗೋಲು ಯಾಕೆ, ಅಲ್ವಾ? ಕಾರ್ಬನ್ ಡಾಟ್ ಅದಕ್ಕಿಂತ ಸಾಧು. ಆದರೆ ಬಹಳಷ್ಟು ಕಾರ್ಬನ್ ಡಾಟ್‌ಗಳು ನೀಲಿ ಬೆಳಕು ಬೀರುತ್ತವೆ, ಕೋಶದ ಸ್ವಂತ ಅಣುವಾದ ಎನ್‌ಎಡಿಎಚ್ ಕೂಡ 450 ನ್ಯಾನೊಮೀಟರ್ ಆಸುಪಾಸಿನಲ್ಲಿ ನೀಲಿಯಾಗಿಯೇ ಹೊಳೆಯುತ್ತದೆ. ಅದೂ ಮೈಟೊಕಾಂಡ್ರಿಯ ಕೆಡುವಾಗ ಏರಿಳಿಯುತ್ತದೆ. ಸಾಧ್ಯವಾದರೆ ಕೆಂಪು ಬಣ್ಣದ ಕಾರ್ಬನ್ ಡಾಟ್ ತೆಗೆದುಕೊಳ್ಳಿ. ಚಿನ್ನದ ಕಣ ತಾನು ಹೊಳೆಯುವುದಕ್ಕಿಂತ ಪಕ್ಕದ ಡೈಯ ಬೆಳಕನ್ನು ನುಂಗುವುದರಲ್ಲಿ ಗಟ್ಟಿಗ. ಡೈ ದೂರ ಹೋದಾಗ ಬೆಳಕು ಬರುವ ಸೆನ್ಸರ್ ಕಟ್ಟಲು ಇದು ಅನುಕೂಲ. 980 ನ್ಯಾನೊಮೀಟರ್ ಬೆಳಕು ಕುಡಿದು ಹಸಿರು, ಕೆಂಪು ಕೊಡುವ ಅಪ್‌ಕನ್ವರ್ಶನ್ ಕಣಗಳಲ್ಲಿ ಕೋಶದ ಸ್ವಂತ ಹೊಳಪಿನ ಕಾಟ ಇಲ್ಲ. ನ್ಯಾನೊವಜ್ರ ತಾಪಮಾನವನ್ನೂ ಫ್ರೀ ರಾಡಿಕಲ್‌ಗಳನ್ನೂ ಓದಬಲ್ಲದು. ತಾಪಮಾನಕ್ಕೆ 2.87 ಗಿಗಾಹರ್ಟ್ಸ್ ಆಸುಪಾಸಿನ ಮೈಕ್ರೊವೇವ್ ಬೇಕು, ಅದಕ್ಕೆ ತಕ್ಕ ಸೆಟಪ್ಪೂ ಬೇಕು. ಅದಿಲ್ಲದಿದ್ದರೆ ಆ ದಾರಿ ಹಿಡಿಯಬೇಡಿ.

ಹಂತ 3: ವಿಳಾಸ ಬರೆಯುವುದು

ಹೆಚ್ಚಿನವರು ಬಳಸುವ ವಿಳಾಸ ಟ್ರೈಫಿನೈಲ್‌ಫಾಸ್ಫೋನಿಯಂ, ಅಂದರೆ ಟಿಪಿಪಿ. ಅದು ಧನ ವಿದ್ಯುದಂಶ ಹೊತ್ತ, ಕೊಬ್ಬಲ್ಲೂ ಕರಗುವ ಗುಂಪು. ಮೈಟೊಕಾಂಡ್ರಿಯದ ಒಳಭಾಗ ಹೊರಗಿಗಿಂತ ಸುಮಾರು 150ರಿಂದ 180 ಮಿಲಿವೋಲ್ಟ್ ಋಣ. ಪ್ರತಿ 60 ಮಿಲಿವೋಲ್ಟ್‌ಗೆ ಇಂಥ ಅಣು ಸುಮಾರು ಹತ್ತು ಪಟ್ಟು ಒಟ್ಟುಗೂಡುತ್ತದೆ. ಹಾಗಾಗಿ ಕೋಶರಸಕ್ಕಿಂತ ಒಳಗೆ ನೂರಾರು ಪಟ್ಟು ಜಾಸ್ತಿ ಸೇರುತ್ತದೆ.

ಈ ಲೆಕ್ಕ ಚಿಕ್ಕ ಅಣುಗಳಿಗೆ. ನಿಮ್ಮ 15 ನ್ಯಾನೊಮೀಟರ್ ಕಣಕ್ಕೆ ಇದನ್ನು ಹಾಗೇ ಹಚ್ಚಬೇಡಿ. ಹೊರಪೊರೆಯಲ್ಲಿರುವ ಮಾಮೂಲಿ ಬಾಗಿಲುಗಳು 2ರಿಂದ 3 ನ್ಯಾನೊಮೀಟರ್ ಅಗಲ, 5 ಕಿಲೊಡಾಲ್ಟನ್‌ಗಿಂತ ದೊಡ್ಡದನ್ನು ಸುಲಭಕ್ಕೆ ಬಿಡುವುದಿಲ್ಲ. ಟಿಪಿಪಿ ಹೊದ್ದ ದೊಡ್ಡ ಕಣ ಒಳಗೆ ಹೋಗುವುದಕ್ಕಿಂತ ಬಾಗಿಲ ಹೊರಗೆ ಅಂಟಿ ಕೂರುವುದೇ ಹೆಚ್ಚು. ಕೂರಲಿ ಬಿಡಿ, ಅಲ್ಲಿಂದಲೂ ಕೆಲವು ವಿಷಯ ಅಳೆಯಬಹುದು. ಆದರೆ "ಮ್ಯಾಟ್ರಿಕ್ಸ್‌ನ ಪಿಎಚ್" ಅಂತ ಬರೆಯುವ ಮುಂಚೆ ಸೆನ್ಸರ್ ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಒಳಪೊರೆಯ ಒಳಗಿನ ಜಾಗದಲ್ಲಿ, ಇದೆ ಅಂತ ತೋರಿಸಬೇಕು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ 200 ನ್ಯಾನೊಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆ ಬೇರೆಬೇರೆಯಾಗಿ ಕಾಣುವುದಿಲ್ಲ. ಒಳಗೋ ಹೊರಗೋ ಅನ್ನುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಚಿನ್ನ, ಕ್ವಾಂಟಮ್ ಡಾಟ್ ಅಲ್ಲಿ ಕಪ್ಪು ಚುಕ್ಕೆಯಾಗಿ ಚೆನ್ನಾಗಿ ಕಾಣುತ್ತವೆ. ಕಾರ್ಬನ್ ಡಾಟ್ ಅಷ್ಟು ಕಾಣುವುದಿಲ್ಲ.

ಹಂತ 4: ಉಪ್ಪಿನ ಪರೀಕ್ಷೆ

ಕೋಶಕ್ಕೆ ಹಾಕುವ ಮುಂಚೆ ಕಣಗಳು ಉಪ್ಪು ತಡೆಯುತ್ತವೆಯೇ ನೋಡಿ. ಸಿಟ್ರೇಟ್ ಹೊದ್ದ ಚಿನ್ನದ ದ್ರಾವಣ ಒಂದು ಚಿಕ್ಕ ಟ್ಯೂಬ್‌ಗೆ ಹಾಕಿಕೊಳ್ಳಿ. ಮಾಣಿಕ್ಯದ ಕೆಂಪು. ಅದಕ್ಕೆ ಅಷ್ಟೇ ಪ್ರಮಾಣದ ಪಿಬಿಎಸ್ ಬಫರ್ (ಉಪ್ಪಿನ ದ್ರಾವಣ) ಸುರಿಯಿರಿ. ನೋಡನೋಡುತ್ತಲೇ ಕೆಂಪು ಹೋಗಿ ನೇರಳೆ, ಆಮೇಲೆ ಮಂಕು ನೀಲಿ. ಸ್ವಲ್ಪ ಹೊತ್ತು ಬಿಟ್ಟರೆ ತಳದಲ್ಲಿ ಕಪ್ಪು ಮಡ್ಡಿ. ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿವೆ. ಸರಿಯಾಗಿ ಹೊದಿಕೆ ಹಾಕಿದ ಕಣ, ಉದಾಹರಣೆಗೆ ಪಾಲಿಎಥಿಲೀನ್ ಗ್ಲೈಕಾಲ್ ಹೊದ್ದದ್ದು, ಇದೇ ಬಫರ್‌ನಲ್ಲಿ ರಾತ್ರಿಯೆಲ್ಲ ಕೆಂಪಾಗಿಯೇ ಉಳಿಯಬೇಕು. ಚಿನ್ನದಲ್ಲಿ ಕಣ್ಣಿಗೇ ಕಾಣುತ್ತದೆ. ಬೇರೆ ಕಣಗಳಲ್ಲಿ ಕಾಣುವುದಿಲ್ಲ, ಡಿಎಲ್‌ಎಸ್ ಯಂತ್ರದಲ್ಲಿ ಗಾತ್ರ ನೋಡಬೇಕು.

ಗಾತ್ರವನ್ನು ನೀರಲ್ಲಿ ಅಳೆದು ಸುಮ್ಮನಾಗಬೇಡಿ. ಸೀರಮ್ ಇರುವ ಮೀಡಿಯಂನಲ್ಲಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ಅಳೆಯಿರಿ. ಸೀರಮ್‌ನ ಪ್ರೋಟೀನ್‌ಗಳು ಕಣದ ಮೈಗೆ ಕವಚದ ಹಾಗೆ ಅಂಟುತ್ತವೆ. ನೀವು ಬರೆದ ವಿಳಾಸ ಆ ಕವಚದ ಕೆಳಗೆ ಮುಚ್ಚಿಹೋಗಬಹುದು.

ಕಣ ಚಿಕ್ಕದಿದ್ದರೆ 0.2 ಮೈಕ್ರೊಮೀಟರ್ ಫಿಲ್ಟರ್‌ನಲ್ಲಿ ಹಾಯಿಸಿ, ಹಾಯಿಸಿದ ಮೇಲೆ ಸಾಂದ್ರತೆ ಮತ್ತೆ ಅಳೆಯಿರಿ. ಒಂದಷ್ಟು ಫಿಲ್ಟರ್‌ನಲ್ಲೇ ಉಳಿದಿರುತ್ತದೆ. ರೋಗನಿರೋಧಕ ಕೋಶಗಳಲ್ಲಿ ಕೆಲಸ ಮಾಡುವವರು ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆಯನ್ನೂ ಮಾಡಿಸಿ.

ಹಂತ 5: ಸೆನ್ಸರೇ ಕೊಲ್ಲುತ್ತಿದೆಯಾ?

ಎಲ್ಲರೂ ಮೊದಲು ಕೈಹಾಕುವುದು ಎಂಟಿಟಿ ಪರೀಕ್ಷೆಗೆ. ಇಲ್ಲಿ ಅದು ಎರಡು ರೀತಿ ಮೋಸ ಮಾಡುತ್ತದೆ. ಕೋಶದ ಕಿಣ್ವಗಳು ಹಳದಿ ಎಂಟಿಟಿಯನ್ನು ನೇರಳೆ ಹರಳಾಗಿ ಮಾಡುವುದನ್ನು ಅದು ಅಳೆಯುತ್ತದೆ. ಅಂದರೆ ಬದುಕನ್ನಲ್ಲ, ಕೋಶದ ಚಟುವಟಿಕೆಯನ್ನು. ಮೇಲಾಗಿ ಚಿನ್ನ ಆ ಬಣ್ಣದಲ್ಲೇ ಬೆಳಕು ಹೀರುತ್ತದೆ, ಕಾರ್ಬನ್ ನ್ಯಾನೊಟ್ಯೂಬ್‌ಗಳು ಹರಳನ್ನೇ ಹಿಡಿದಿಟ್ಟುಕೊಂಡು ಬದುಕಿರುವ ಕೋಶವನ್ನೂ ಸತ್ತಂತೆ ತೋರಿಸುತ್ತವೆ. ಕೋಶ ಇಲ್ಲದ, ಬರೀ ಕಣ ಮತ್ತು ಎಂಟಿಟಿ ಇರುವ ಗುಳಿ (ವೆಲ್) ಒಂದನ್ನು ಪ್ಲೇಟ್‌ನಲ್ಲಿ ಇಡಿ. ಬಣ್ಣ ಬಂತೋ, ಆ ಪರೀಕ್ಷೆ ಬಿಟ್ಟುಬಿಡಿ. ಅದರ ಬದಲು ಸತ್ತ ಕೋಶಕ್ಕೆ ಮಾತ್ರ ಬಣ್ಣ ಕೊಡುವ ಪ್ರೊಪಿಡಿಯಂ ಅಯೋಡೈಡ್ ಹಾಕಿ ಅವನ್ನು ಎಣಿಸಿ, ಬದುಕಿದವು ಎಷ್ಟು ಸಲ ಒಡೆದು ಎರಡಾದವು ನೋಡಿ.

1, 5, 25 ಮೈಕ್ರೊಗ್ರಾಂ ಪ್ರತಿ ಮಿಲಿಲೀಟರ್, ಹೀಗೆ ಮೆಟ್ಟಿಲು ಮಾಡಿ, 24 ಗಂಟೆ ಇಟ್ಟು ನೋಡಿ. ಸಾಯದಿದ್ದರೆ ಸಾಲದು. ಆಕ್ಸಿಜನ್ ಬಳಕೆ ಕುಗ್ಗಿದೆಯಾ? ಮೈಟೊಕಾಂಡ್ರಿಯದ ಜಾಲ ತುಂಡುತುಂಡಾಗಿದೆಯಾ? ಟಿಪಿಪಿ ಜಾಸ್ತಿ ತುಂಬಿದರೆ ಉಸಿರಾಟಕ್ಕೇ ತೊಂದರೆಯಾಗುತ್ತದೆ. ಸಿಗ್ನಲ್ ಕಾಣುವ ಅತಿ ಕಡಿಮೆ ಪ್ರಮಾಣವೇ ಸರಿಯಾದ ಪ್ರಮಾಣ. ಚಿತ್ರ ಮಂಕಾಗಿದೆ ಅಂತ ಇನ್ನಷ್ಟು ಸುರಿಯುವ ಚಪಲ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ.

ಬೆಳಕನ್ನೂ ಇದೇ ಹಂತದಲ್ಲಿ ಪರೀಕ್ಷಿಸಿ. ಕೆಲವು ಕಾರ್ಬನ್ ಡಾಟ್‌ಗಳು ಲೇಸರ್ ಬಿದ್ದಾಗ ತಾವೇ ಆಕ್ಸಿಜನ್‌ನ ಉಗ್ರ ಅಣುಗಳನ್ನು ಹುಟ್ಟಿಸುತ್ತವೆ. ಸೆನ್ಸರ್ ಇದ್ದು ಬೆಳಕಿಲ್ಲದ ಡಿಶ್, ಬೆಳಕಿದ್ದು ಸೆನ್ಸರ್ ಇಲ್ಲದ ಡಿಶ್, ಎರಡೂ ಇರುವ ಡಿಶ್, ಈ ಮೂರನ್ನೂ ಹೋಲಿಸಿ.

ಹಂತ 6: ಸೆನ್ಸರ್ ತಲುಪಿತಾ?

ಇಲ್ಲಿ ನನ್ನದೇ ಒಂದು ಪಾಡು ಹೇಳಬೇಕು. ಟಿಪಿಪಿ ಹಚ್ಚಿದ ಕಣ ಹಾಕಿದ್ದೆ. ಮಾರನೇ ದಿನ ನೋಡಿದರೆ ಕೋಶಕೇಂದ್ರದ ಸುತ್ತ ಚೆಂದದ ಚುಕ್ಕೆಗಳು, ಮೈಟೊಕಾಂಡ್ರಿಯಕ್ಕೆ ಬಣ್ಣ ಹಚ್ಚುವ ಮೈಟೊಟ್ರ್ಯಾಕರ್ ಡೈಯ ಚಿತ್ರದ ಮೇಲಿಟ್ಟರೆ ಎರಡು ಬಣ್ಣ ಬೆರೆತು ಹಳದಿಯೋ ಹಳದಿ. ಮೂರು ವಾರ ಖುಷಿಯಲ್ಲಿ ಡೇಟಾ ತೆಗೆದೆ. ಪಕ್ಕದ ಬೆಂಚಿನವರು ಬಂದು ನೋಡಿ ಒಂದೇ ಮಾತು ಕೇಳಿದರು: "ಇವು ಯಾಕೆ ಉರುಟಾಗಿವೆ?" ಮೈಟೊಕಾಂಡ್ರಿಯ ಎಳೆಎಳೆಯಾಗಿ ಹರಡಿತ್ತು, ನನ್ನ ಚುಕ್ಕೆಗಳು ಗುಂಡುಗುಂಡಾಗಿದ್ದವು. ಲೈಸೊಸೋಮ್‌ಗೆ (ಕೋಶದ ಕಸ ಜೀರ್ಣಿಸುವ ಚೀಲ) ಬಣ್ಣ ಹಚ್ಚುವ ಲೈಸೊಟ್ರ್ಯಾಕರ್ ಹಾಕಿದ ಮೇಲೆ ಗೊತ್ತಾಯಿತು, ಎಲ್ಲ ಲೈಸೊಸೋಮ್‌ನಲ್ಲಿ ಕೂತಿತ್ತು. ಕೋಶಕೇಂದ್ರದ ಸುತ್ತ ಎರಡೂ ಕಿಕ್ಕಿರಿದಿರುವುದರಿಂದ ಒಂದರ ಮೇಲೊಂದು ಬಿದ್ದು ಹಳದಿ ಕಂಡಿತ್ತು, ಅಷ್ಟೇ.

ಕೋಶ ನುಂಗುವ ಕಣಗಳಲ್ಲಿ ಬಹುಪಾಲು ಹೋಗಿ ಸೇರುವುದು ಅಲ್ಲಿಗೇ. ಆದ್ದರಿಂದ ಎರಡು ನಕ್ಷೆ ಬೇಕು, ಮೈಟೊಕಾಂಡ್ರಿಯದ್ದು ಒಂದು, ಲೈಸೊಸೋಮ್‌ದು ಒಂದು. ಮೈಟೊಕಾಂಡ್ರಿಯದ ನಕ್ಷೆಗೆ ಡೈ ಬೇಡ. ಮೈಟೊಟ್ರ್ಯಾಕರ್ ಒಳಗೆ ಸೇರುವುದೂ ವೋಲ್ಟೇಜ್ ನಂಬಿಯೇ. ವೋಲ್ಟೇಜ್ ಬಿದ್ದಾಗ ಸೆನ್ಸರ್ ಜೊತೆ ನಕ್ಷೆಯೂ ಕೈಕೊಟ್ಟರೆ ಏನು ಮಾಡುತ್ತೀರಿ? ಹೊರಪೊರೆಯ ಟಾಮ್20 ಪ್ರೋಟೀನಿಗೆ ಹೊಳೆಯುವ ಪ್ರೋಟೀನ್ ಜೋಡಿಸಿದ ಕೋಶಗಳನ್ನು ಬಳಸಿ. ಅದು ವೋಲ್ಟೇಜ್ ಇದ್ದರೂ ಇಲ್ಲದಿದ್ದರೂ ಜಾಗದಲ್ಲೇ ಇರುತ್ತದೆ.

ಎರಡು ಚಿತ್ರ ಎಷ್ಟು ಹೊಂದುತ್ತವೆ ಅಂತ ಹೇಳುವ ಪಿಯರ್ಸನ್ ಅಂಕಿ ತೆಗೆಯುವಾಗ ಒಂದು ಸಣ್ಣ ಉಪಾಯ. ಸೆನ್ಸರ್ ಚಿತ್ರವನ್ನು 90 ಡಿಗ್ರಿ ತಿರುಗಿಸಿ ಅದೇ ಅಂಕಿ ಮತ್ತೆ ತೆಗೆಯಿರಿ. ತಿರುಗಿಸಿದ ಮೇಲೂ ಅಂಕಿ ಹೆಚ್ಚು ಇಳಿಯದಿದ್ದರೆ ನೀವು ನೋಡುತ್ತಿರುವುದು ಆಕಸ್ಮಿಕ ಹೊಂದಿಕೆ. ಪಿಎಚ್ ಓದುವ ಸೆನ್ಸರ್ ಆದರೆ ಇನ್ನೂ ಸುಲಭ. ಮ್ಯಾಟ್ರಿಕ್ಸ್ 7.8ರಿಂದ 8, ಕೋಶರಸ 7.2 ಆಸುಪಾಸು, ಲೈಸೊಸೋಮ್ 4.5ರಿಂದ 5. ಸೆನ್ಸರ್ 5 ಅಂತ ಹೇಳಿದರೆ ಅದು ತನ್ನ ವಿಳಾಸವನ್ನು ತಾನೇ ಹೇಳಿದ ಹಾಗೆ.

ಹಂತ 7: ಕೋಶದೊಳಗೇ ಅಳತೆ ಕಟ್ಟಿ

ಟ್ಯೂಬ್‌ನಲ್ಲಿ ತೆಗೆದ ಕ್ಯಾಲಿಬ್ರೇಶನ್ ಕೋಶದೊಳಗೆ ನಡೆಯುವುದಿಲ್ಲ. ಪಿಎಚ್‌ಗೆ ಪೊಟ್ಯಾಸಿಯಂ ಜಾಸ್ತಿ ಇರುವ ಬಫರ್‌ನಲ್ಲಿ ನಿಜೆರಿಸಿನ್ ಹಾಕಿ ಒಳಗಿನ ಪಿಎಚ್ಚನ್ನು ಹೊರಗಿನದಕ್ಕೆ ಸಮ ಮಾಡಿ, ನಾಲ್ಕೈದು ಪಿಎಚ್‌ಗಳಲ್ಲಿ ಅನುಪಾತ ಬರೆದುಕೊಳ್ಳಿ. ಮ್ಯಾಟ್ರಿಕ್ಸ್‌ಗೆ ಮೊನೆನ್ಸಿನ್ ಕೂಡ ಸೇರಿಸುವುದು ವಾಡಿಕೆ. ವೋಲ್ಟೇಜ್‌ಗೆ ಎಫ್‌ಸಿಸಿಪಿ ಹಾಕಿದರೆ ಪೂರ್ತಿ ಬೀಳುತ್ತದೆ, ಆಲಿಗೊಮೈಸಿನ್ ಹಾಕಿದರೆ ಸ್ವಲ್ಪ ಏರುತ್ತದೆ. ಉಗ್ರ ಅಣುಗಳನ್ನು ಹೆಚ್ಚಿಸಲು ಆಂಟಿಮೈಸಿನ್ ಎ.

ಎಫ್‌ಸಿಸಿಪಿಯ ಡಿಶ್ ಅನ್ನು ಗಮನವಿಟ್ಟು ನೋಡಿ. ಇಲ್ಲಿ ಕೋಶಕ್ಕೆ ಸಾವಿನ ಕರೆ ಹೋಗಿಲ್ಲ, ವೋಲ್ಟೇಜ್ ಮಾತ್ರ ಬಿದ್ದಿದೆ. ಈಗ ಸೆನ್ಸರ್ ಟಾಮ್20 ನಕ್ಷೆಯ ಮೇಲೆ ಉಳಿಯಿತಾ, ಕೋಶದೆಲ್ಲೆಡೆ ಚೆದುರಿತಾ? ಚೆದುರಿದರೆ ಅಪೊಪ್ಟೋಸಿಸ್‌ನಲ್ಲೂ ಚೆದುರುತ್ತದೆ. ಆಗ ಬರೀ ಬೆಳಕಿನ ಮಟ್ಟ ಓದುವ ಸೆನ್ಸರ್ ಪ್ರಯೋಜನಕ್ಕಿಲ್ಲ, ಎರಡು ಬಣ್ಣದ ಅನುಪಾತ ಓದುವುದೇ ಬೇಕು. ಕಣ ಎಲ್ಲಿದೆ ಅಂತ ಒಂದು ಬಣ್ಣ ಹೇಳಿದರೆ, ಏನು ಕಂಡಿತು ಅಂತ ಎರಡರ ಅನುಪಾತ ಹೇಳುತ್ತದೆ.

ಸೈಟೊಕ್ರೋಮ್ ಸಿ ಹಿಡಿಯುವವರಿಗೆ ಮಾತ್ರ

ಚಿನ್ನದ ಕಣಕ್ಕೆ ಸೈಟೊಕ್ರೋಮ್ ಸಿ ಗುರುತಿಸುವ ಡಿಎನ್‌ಎ ಎಳೆ, ಅಂದರೆ ಆಪ್ಟಮರ್, ಅದರ ತುದಿಗೆ ಡೈ. ಗುರಿ ಸಿಕ್ಕಾಗ ಡೈ ಚಿನ್ನದಿಂದ ದೂರವಾಗಿ ಬೆಳಕು ಬರಬೇಕು. ಕಾಗದದ ಮೇಲೆ ಸೊಗಸು. ಕೋಶದಲ್ಲಿ ಮೂರು ಕಡೆ ಎಡವುತ್ತದೆ.

ಸೈಟೊಕ್ರೋಮ್ ಸಿ ಸುಮಾರು 12 ಕಿಲೊಡಾಲ್ಟನ್‌ನ, ಗಟ್ಟಿ ಧನ ವಿದ್ಯುದಂಶದ ಪ್ರೋಟೀನ್. ಋಣ ಇರುವ ಯಾವ ಮೈಗಾದರೂ ಅಂಟುತ್ತದೆ, ಡಿಎನ್‌ಎ ಗುರುತಿಸಿದ್ದಕ್ಕೇ ಆಗಬೇಕಿಲ್ಲ. ಹಾಗಾಗಿ ಹೆಚ್ಚೂಕಡಿಮೆ ಅದೇ ಗಾತ್ರದ, ಅದೇ ಥರ ಧನ ಇರುವ ಲೈಸೊಜೈಮ್ ಹಾಕಿ ನೋಡಿ. ಅದಕ್ಕೂ ಬೆಳಕು ಬಂದರೆ ನಿಮ್ಮ ಆಪ್ಟಮರ್ ಗುರುತಿಸಿದ್ದು ಪ್ರೋಟೀನನ್ನಲ್ಲ, ವಿದ್ಯುದಂಶವನ್ನು. ಎರಡನೆಯದು ಗ್ಲುಟಥಯೋನ್. ಕೋಶದಲ್ಲಿ ಅದು 1ರಿಂದ 10 ಮಿಲಿಮೋಲಾರ್ ಇರುತ್ತದೆ, ಗಂಧಕದ ಕೊಂಡಿಯಲ್ಲಿ ಚಿನ್ನಕ್ಕೆ ಕಟ್ಟಿದ ಡಿಎನ್‌ಎಯನ್ನು ಮೆಲ್ಲಗೆ ಕಿತ್ತುಹಾಕುತ್ತದೆ. ಮೂರನೆಯದು ಡಿಎನ್‌ಎ ಕತ್ತರಿಸುವ ಕಿಣ್ವಗಳು. ಇವೆರಡೂ ಸೈಟೊಕ್ರೋಮ್ ಸಿ ಇಲ್ಲದೆಯೇ ಬೆಳಕು ಹೊತ್ತಿಸುತ್ತವೆ. ಅಕ್ಷರಗಳ ಕ್ರಮ ಕೆಡಿಸಿದ ಡಿಎನ್‌ಎ ಕಟ್ಟಿದ ಮೂಕ ಸೆನ್ಸರ್ ಒಂದನ್ನು ಪ್ರತಿ ಪ್ರಯೋಗದಲ್ಲೂ ಜೊತೆಗೆ ಓಡಿಸಿ. ಇದಿಲ್ಲದ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ.

ಹಂತ 8: ಸಾವಿನ ಗುಂಡಿ ಒತ್ತುವುದು

ಸ್ಟಾರೊಸ್ಪೊರಿನ್ 1 ಮೈಕ್ರೊಮೋಲಾರ್ ಹಾಕುವುದು ಹಳೆಯ ರೂಢಿ. ಸಾಯಿಸುತ್ತದೆ ನಿಜ, ಆದರೆ ಹತ್ತಾರು ಕೈನೇಸ್ ಕಿಣ್ವಗಳನ್ನು ಒಟ್ಟಿಗೆ ತಡೆದು ಕೋಶದ ಆಕಾರವನ್ನೂ ಕೆಡಿಸುತ್ತದೆ. ಮೈಟೊಕಾಂಡ್ರಿಯದ ಬಾಗಿಲನ್ನೇ ನೇರ ತಟ್ಟಬೇಕಾದರೆ ಸಾವು ತಡೆಯುವ ಪ್ರೋಟೀನ್‌ಗಳನ್ನು ಕಟ್ಟಿಹಾಕುವ ಎಬಿಟಿ-737 ಮತ್ತು ಎಸ್63845 ಔಷಧಿಗಳ ಜೋಡಿ ಚೊಕ್ಕ. ಡಾಕ್ಸೊರುಬಿಸಿನ್ ಬಳಸುವವರಿಗೆ ಎಚ್ಚರಿಕೆ: ಅದು ತಾನೇ ಕಿತ್ತಳೆ-ಕೆಂಪಾಗಿ ಹೊಳೆಯುತ್ತದೆ. ನಿಮ್ಮ ಸೆನ್ಸರ್‌ನ ಚಾನಲ್‌ಗೆ ಸೋರಿದರೆ ಔಷಧಿಯ ಪ್ರಮಾಣವನ್ನೇ ಮೈಟೊಕಾಂಡ್ರಿಯದ ಸುದ್ದಿ ಅಂದುಕೊಳ್ಳುತ್ತೀರಿ.

ಡಿಶ್‌ಗಳು ಕನಿಷ್ಠ ಇಷ್ಟು ಬೇಕು: ಔಷಧಿ ಮಾತ್ರ, ಸೆನ್ಸರ್ ಮಾತ್ರ, ಎರಡೂ, ಮೂಕ ಸೆನ್ಸರ್ (ಗುರಿ ಗುರುತಿಸದಂತೆ ಮಾಡಿದ್ದು) ಜೊತೆ ಔಷಧಿ, ಮತ್ತೆ ಸೆನ್ಸರ್, ಔಷಧಿ ಜೊತೆ ಜೆಡ್‌ವಿಎಡಿ. ಈ ಕೊನೆಯದು ನನಗೆ ಬಹಳ ಇಷ್ಟ. ಜೆಡ್‌ವಿಎಡಿ ಕ್ಯಾಸ್ಪೇಸ್‌ಗಳನ್ನು ತಡೆಯುತ್ತದೆ. ಆಗಲೂ ಸೈಟೊಕ್ರೋಮ್ ಸಿ ಎಂದಿನ ಹಾಗೆ ಹೊರಬರುತ್ತದೆ, ಆದರೆ ವೋಲ್ಟೇಜ್ ಬೀಳದೆ ಅಥವಾ ಬಿದ್ದು ಚೇತರಿಸಿಕೊಂಡು ಬಹಳ ಹೊತ್ತು ಉಳಿಯುತ್ತದೆ. ವಿಳಾಸ ಅಳಿಸದೆ ಪೊರೆ ತೂತಾಗುವುದನ್ನು ಮಾತ್ರ ನೋಡುವ ಅವಕಾಶ ಇದು. ಈ ಡಿಶ್‌ನಲ್ಲೂ ಸೆನ್ಸರ್ ಬದಲಾವಣೆ ತೋರಿಸಿದರೆ ಅದು ಬರೀ ಜಾಗ ಬಿಟ್ಟ ಕಥೆ ಅಲ್ಲ.

ಘಟನೆ ಐದು ನಿಮಿಷದ್ದು. ಹತ್ತು ನಿಮಿಷಕ್ಕೊಂದು ಚಿತ್ರ ತೆಗೆದರೆ ಮುಂಚಿನದು ಮತ್ತು ಆಮೇಲಿನದು ಮಾತ್ರ ಸಿಗುತ್ತದೆ. ಒಂದೆರಡು ನಿಮಿಷಕ್ಕೊಂದು ತೆಗೆಯಿರಿ, ಲೇಸರ್ ಶಕ್ತಿ ಇಳಿಸಿ. ಸಾಯುವ ಕೋಶ ಹಿಡಿತ ಬಿಟ್ಟು ಉರುಟಾಗಿ ಮೇಲೇಳುತ್ತದೆ. ಅಂಚಿನಲ್ಲಿ ಗುಳ್ಳೆಗಳು ಉಬ್ಬುತ್ತವೆ, ತಗ್ಗುತ್ತವೆ, ಮತ್ತೆ ಉಬ್ಬುತ್ತವೆ. ಅಷ್ಟರಲ್ಲಿ ಮೈಟೊಕಾಂಡ್ರಿಯ ಫೋಕಸ್ ಬಿಟ್ಟು ಹೋಗಿರುತ್ತದೆ. ಒಂದೇ ಮಟ್ಟದಲ್ಲಿ ಚಿತ್ರ ತೆಗೆದವರಿಗೆ ಇದು "ಸಿಗ್ನಲ್ ಬಿತ್ತು" ಅಂತ ಕಾಣುತ್ತದೆ. ಐದಾರು ಮಟ್ಟಗಳಲ್ಲಿ ತೆಗೆದು ಒಟ್ಟುಗೂಡಿಸಿ.

ಸತ್ತಿದ್ದು ಅಪೊಪ್ಟೋಸಿಸ್‌ನಿಂದಲೇ ಅಂತ ಖಾತ್ರಿಗೆ ಸಾಯುವ ಕೋಶದ ಹೊರಮೈಗೆ ಅಂಟುವ ಅನೆಕ್ಸಿನ್ ವಿ ಮತ್ತು ಪ್ರೊಪಿಡಿಯಂ ಹಾಕಿ. ಅನೆಕ್ಸಿನ್‌ಗೆ ಕ್ಯಾಲ್ಸಿಯಂ ಬೇಕೇಬೇಕು, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎ ಉಳಿದಿದ್ದರೆ ಅಂಟುವುದಿಲ್ಲ.

ಹಂತ 9: ಗಡಿಯಾರ ಹೊಂದಿಸುವುದು

ಔಷಧಿ ಹಾಕಿದ ಹೊತ್ತನ್ನು ಸೊನ್ನೆ ಅಂತ ಇಟ್ಟರೆ ಮತ್ತೆ ಅದೇ ಸರಾಸರಿಯ ಗುಂಡಿಗೆ ಬೀಳುತ್ತೀರಿ. ಪ್ರತಿ ಕೋಶಕ್ಕೂ ಅದರದೇ ಸೊನ್ನೆ ಕೊಡಿ. ಸೆನ್ಸರ್‌ನಿಂದಲ್ಲ, ಬೇರೊಂದು ಗುರುತಿನಿಂದ, ಉದಾಹರಣೆಗೆ ಬ್ಯಾಕ್ಸ್ ಚುಕ್ಕೆಚುಕ್ಕೆಯಾಗಿ ಮೈಟೊಕಾಂಡ್ರಿಯದ ಮೇಲೆ ಕೂತ ಮೊದಲ ಚಿತ್ರದಿಂದ. ಹಾಗೆ ಎಲ್ಲ ಕೋಶಗಳ ಗೆರೆಗಳನ್ನು ಜರುಗಿಸಿ ಒಂದರ ಮೇಲೊಂದು ಇಟ್ಟಾಗ, ಹರಡಿಹೋಗಿದ್ದ ಇಳಿಜಾರು ಕಡಿದಾದ ಮೆಟ್ಟಿಲಾಗಿ ಕಾಣುತ್ತದೆ.

ಸಾಯದೆ ಉಳಿದ ಕೋಶಗಳನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ, ಅವುಗಳಲ್ಲಿ ಸೆನ್ಸರ್ ಜಾಸ್ತಿ ಇತ್ತೋ ಕಮ್ಮಿ ಇತ್ತೋ ನೋಡಿ. ಸೆನ್ಸರ್ ಹೆಚ್ಚು ಕುಡಿದ ಕೋಶಗಳೇ ಮೊದಲು ಸಾಯುತ್ತಿದ್ದರೆ ಹಂತ 5ಕ್ಕೆ ವಾಪಸ್ ಹೋಗಬೇಕು. ಕೊನೆಗೆ ಡಿಶ್ ಎಸೆಯುವ ಮುಂಚೆ ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಸೈಟೊಕ್ರೋಮ್ ಸಿಗೆ ಆಂಟಿಬಾಡಿ ಹಾಕಿ. ಡಿಶ್‌ನ ತಳಕ್ಕೆ ಚೌಕದ ಗುರುತು ಇದ್ದರೆ ಅದೇ ಕೋಶವನ್ನು ಮತ್ತೆ ಹುಡುಕಿ, ಸೆನ್ಸರ್ ಹೇಳಿದ್ದಕ್ಕೂ ಆಂಟಿಬಾಡಿ ತೋರಿಸಿದ್ದಕ್ಕೂ ತಾಳೆ ನೋಡಬಹುದು. ಕ್ಯಾಡ್ಮಿಯಂ ಇರುವ ಕಣದ ತೊಳೆದ ನೀರು ಸಿಂಕ್‌ಗೆ ಬೇಡ, ಭಾರಲೋಹದ ತ್ಯಾಜ್ಯದ ಬಾಟಲಿಗೆ ಹೋಗಲಿ.